ನೆತ್ತಿಯ ತುಕ್ಕು

3 ಆಗಸ್ಟ್ 2025, ಭಾನುವಾರ

ಈ ನೋಟ್‌ಬುಕ್ ತಂದದ್ದು ವಾಣಿಶ್ರೀ ಮೇಡಂ ಹೇಳಿದ್ದಕ್ಕೆ. ಚಳ್ಳಕೆರೆಯಲ್ಲಿ ಚೌಡಿಯ ಬೆನ್ನಿಗೆ ಫಿಸಿಯೋಥೆರಪಿ ಮಾಡುವವರು ಅವರು. ನನ್ನ ಹೆಂಡತಿ ದಿನಾ ಎಷ್ಟು ನಿಮಿಷ ಕೂತಳು, ಎಷ್ಟು ನಡೆದಳು, ಕಾಲು ಜೋಮು ಹಿಡಿಯಿತೋ ಇಲ್ಲವೋ, ಎಲ್ಲ ಬರೆದುಕೊಂಡು ಬನ್ನಿ ಎಂದಿದ್ದಾರೆ. ಅದನ್ನು ಮುಂದಿನ ಪುಟಗಳಿಂದ ಬರೆಯುತ್ತೇನೆ. ಬುಕ್ಕನ್ನು ತಲೆಕೆಳಗು ಮಾಡಿ ಹಿಂದಿನಿಂದ ಬರೆಯುವ ಇದು ನನಗೆ. ಯಾರಿಗೂ ತೋರಿಸುವುದಿಲ್ಲ.

ಇವತ್ತು ಕಾರು ತಂದೆ. ನಮ್ಮ ಕೇರಿಯ ಮಗ್ಗದ ಮನೆಗಳಲ್ಲಿ ಇದು ಮೊದಲನೆಯ ಕಾರೇನಲ್ಲ, ಆದರೆ ನಮ್ಮ ಬಾಗಿಲಲ್ಲಿ ನಿಂತ ಮೊದಲನೆಯದು. ಚೌಡಿ ಹದಿನಾಲ್ಕನೇ ವಯಸ್ಸಿಗೆ ಗುಂಡಿಮಗ್ಗಕ್ಕೆ ಇಳಿದವಳು. ಇಪ್ಪತ್ತೇಳು ವರ್ಷ ಗುಂಡಿಯಲ್ಲಿ ಕಾಲಿಟ್ಟು ಬಗ್ಗಿ ನೇಯ್ದು ಈಗ ಬೆನ್ನಿನ ಕೆಳಗಿನ ಮೂಳೆ ನರವನ್ನು ಒತ್ತುತ್ತಿದೆ. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಲಾರಳು. ಮಂಗಳವಾರ, ಶುಕ್ರವಾರ ಚಳ್ಳಕೆರೆಗೆ ಹೋಗಬೇಕು. ಕಳೆದ ವಾರ ಬಸ್ಸು ಹಂಪ್ ಮೇಲೆ ಹಾರಿದಾಗ ಅವಳು ಕೂಗಿದ ಕೂಗಿಗೆ ಡ್ರೈವರ್ ಗಾಡಿ ನಿಲ್ಲಿಸಿಬಿಟ್ಟಿದ್ದ. ಅವತ್ತೇ ತೀರ್ಮಾನ ಮಾಡಿದೆ. ವಯಸ್ಸಿನಲ್ಲಿ ನಾಲ್ಕು ವರ್ಷ ಟೆಂಪೋ ಓಡಿಸಿದವನು ನಾನು, ಡ್ರೈವಿಂಗ್ ಹೊಸದಲ್ಲ.

ಕಾರು ಚಳ್ಳಕೆರೆಯ ಜಂಬುಲಿಂಗಪ್ಪನವರದು. ಎಣ್ಣೆ ಮಿಲ್ಲು ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟ ಹಿರಿಯರು. ಹದಿಮೂರು ವರ್ಷದ ಗಾಡಿ, ಒಬ್ಬರದೇ ಕೈ. ಇಂಜಿನ್ ಹಾಲಿನ ಹಾಗೆ ನಡೆಯುತ್ತದೆ. ನೆತ್ತಿಗೆ, ಅಂದರೆ ಮೇಲಿನ ಟಾಪಿಗೆ, ಹೊಸದಾಗಿ ಬಿಳಿ ಬಣ್ಣ ಹೊಡೆಸಿದ್ದಾರೆ, ಬಿಸಿಲಿಗೆ ಮಿಂಚುತ್ತಿತ್ತು.

ವ್ಯವಹಾರ ಮುಗಿಯುವ ಹೊತ್ತಿಗೆ ಚೌಡಿ ಕಾರಿನ ಪಕ್ಕ ನಿಂತು, ರೇಷ್ಮೆ ಸವರುವ ಹಾಗೆ ನೆತ್ತಿಯನ್ನು ಅಂಗೈಯಲ್ಲಿ ಸವರುತ್ತಿದ್ದಳು. ಡ್ರೈವರ್ ಬಾಗಿಲ ಮೇಲ್ಭಾಗದಲ್ಲಿ ಕೈ ನಿಲ್ಲಿಸಿ, "ಇಲ್ಲಿ ಏನೋ ಐತೆ ನೋಡ್ರಿ, ಒಳಗೆ ಒರಟು ಐತೆ" ಅಂದಳು. ಎಲ್ಲರ ಮುಂದೆ ಇದೇನು ಮಾತು. "ಇದು ಸೀರೆ ಅಲ್ಲ, ನೀನು ಹೋಗಿ ಒಳಗೆ ಕೂತ್ಕೋ" ಅಂದೆ. ಜಂಬುಲಿಂಗಪ್ಪ ನಕ್ಕರು. ನಾನೂ ನಕ್ಕೆ. ಕೀಲಿಕೈ ತೆಗೆದುಕೊಂಡು ಬಂದೆ.

5 ಆಗಸ್ಟ್, ಮಂಗಳವಾರ

ಮೊದಲ ಸಲ ಕಾರಿನಲ್ಲಿ ಚಳ್ಳಕೆರೆಗೆ. ಹಿಂದಿನ ಸೀಟಿನಲ್ಲಿ ಚೌಡಿಯನ್ನು ಮಲಗಿಸಿಕೊಂಡು ಹೋದೆ. ಒಂದು ಸಲವೂ ನರಳಲಿಲ್ಲ. ಇಳಿಯುವಾಗ ಕೈ ಕೂಡ ಕೇಳಲಿಲ್ಲ. ಆಸ್ಪತ್ರೆ ಬಾಗಿಲಲ್ಲಿ ನಿಂತು ಕಾರನ್ನು ಎರಡು ಸಲ ತಿರುಗಿ ನೋಡಿದೆ.

12 ಆಗಸ್ಟ್, ಮಂಗಳವಾರ

ಬರುವಾಗ ಗೌರಸಮುದ್ರದ ಕ್ರಾಸ್ ಹತ್ತಿರ ಮಳೆ ಹಿಡಿಯಿತು. ಈ ಸೀಮೆಗೆ ಮಳೆ ಬಂದರೆ ಸಂತೋಷಪಡಬೇಕು. ಪಟ್ಟನೆ ಹಿಂದಿನಿಂದ ಚೌಡಿ, "ರೀ, ಕಾರು ಸೋರ್ತೈತೆ" ಅಂದಳು. ಗಾಜು ಏರಿಸಿರಲಿಕ್ಕಿಲ್ಲ ಎಂದುಕೊಂಡೆ. ನಿಲ್ಲಿಸಿ ನೋಡಿದರೆ ಒಳಗಡೆ ತಲೆಯ ಮೇಲಿನ ಬಟ್ಟೆಯಿಂದ ಹನಿ ಬೀಳುತ್ತಿದೆ. ನೀರು ಬೆಳ್ಳಗಿಲ್ಲ, ಚಹಾದ ಬಣ್ಣ. ಮಲಗಿದ್ದವಳ ಕತ್ತಿಗೆ, ಸೀರೆಗೆ ಬಿದ್ದಿತ್ತು. ಅವಳು ಅಂಗೈ ಒಡ್ಡಿ ಹನಿ ಹಿಡಿಯುತ್ತಾ ಇದ್ದಳು, ತುಂಬಿದಾಗ ಕಿಟಕಿಯಿಂದ ಚೆಲ್ಲುತ್ತಿದ್ದಳು. ಮನೆ ಮುಟ್ಟುವವರೆಗೂ ಹಾಗೇ.

ರಬ್ಬರ್ ಸಡಿಲ ಆಗಿರಬೇಕು. ಹಳೆಯ ಗಾಡಿಗೆ ಇಷ್ಟು ಇರುತ್ತದೆ.

14 ಆಗಸ್ಟ್, ಗುರುವಾರ

ರಬ್ಬರ್ ಅಲ್ಲ.

ಬೆಳಿಗ್ಗೆ ಮಗ್ಗಕ್ಕೆ ಇಳಿಯದೆ ಕಾರಿನ ಹತ್ತಿರವೇ ಇದ್ದೆ. ನೆತ್ತಿಯ ಎರಡೂ ಅಂಚಿಗೆ ಉದ್ದಕ್ಕೆ ಕಪ್ಪು ಪಟ್ಟಿ ಇರುತ್ತದಲ್ಲ, ಅದನ್ನು ಎತ್ತಿದೆ. ಅಡಿಯ ಕಾಲುವೆಯ ತುಂಬ ಕೆಂಪು ಹುಡಿ. ಬೆರಳಲ್ಲಿ ಒತ್ತಿದರೆ ಬಿಸ್ಕತ್ತಿನ ಹಾಗೆ ಮುರಿಯಿತು. ಮುಂದಿನ ಗಾಜಿನ ಮೇಲಂಚಿನಲ್ಲೂ ಹಾಗೇ. ಪಕ್ಕದ ಮನೆಯ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತ ತಂದು ನೆತ್ತಿಯ ಮೇಲೆ ಇಟ್ಟೆ. ಹಿಂದಿನ ಅರ್ಧದಲ್ಲಿ ಗಟ್ಟಿಯಾಗಿ ಅಂಟಿತು. ಮುಂದಿನ ಅರ್ಧದಲ್ಲಿ ಜಾರಿ ಬಿತ್ತು. ಅಲ್ಲಿ ತಗಡೇ ಇಲ್ಲ. ಪುಟ್ಟಿ. ಪುಟ್ಟಿ ತುಂಬಿ, ತಿಕ್ಕಿ, ಮೇಲೆ ಬಣ್ಣ ಹೊಡೆದಿದ್ದಾರೆ. ಸ್ಕ್ರೂಡ್ರೈವರ್ ಒತ್ತಿದೆ. ಒಳಗೆ ಹೋಯಿತು.

ಡ್ರೈವರ್ ಬಾಗಿಲ ಮೇಲೆ, ಅವಳು ಕೈ ನಿಲ್ಲಿಸಿದ ಜಾಗವೇ.

ಚೌಡಿ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಅವತ್ತೇ ಹೇಳಿದ್ದೆ ಅನ್ನಲಿ ಎಂದು ಕಾದೆ. ಅನ್ನಲಿಲ್ಲ. ಅಂದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

17 ಆಗಸ್ಟ್, ಭಾನುವಾರ

ಜಂಬುಲಿಂಗಪ್ಪನವರು ಫೋನ್ ಎತ್ತುತ್ತಿಲ್ಲ. ಒಂಬತ್ತು ಸಲ ಮಾಡಿದೆ.

19 ಆಗಸ್ಟ್, ಮಂಗಳವಾರ

ಥೆರಪಿ ಮುಗಿಸಿ ಸೀದಾ ಅವರ ಮನೆಗೆ ಹೋದೆ. ಚೌಡಿ ಕಾರಿನಲ್ಲಿಯೇ ಇದ್ದಳು. ಅವರು ಬೇಸರ ಮಾಡಿಕೊಳ್ಳಲಿಲ್ಲ, ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು. ನೆತ್ತಿಯಲ್ಲಿ ತುಕ್ಕು ಇದ್ದದ್ದು ತಮಗೆ ಗೊತ್ತೇ ಇರಲಿಲ್ಲ, ಹಳತಾಗಿ ಕಾಣುತ್ತಿತ್ತು ಅಂತ ಬಣ್ಣ ಹೊಡೆಸಿದ್ದು ಅಷ್ಟೇ ಎಂದರು. ಹದಿಮೂರು ವರ್ಷದ ಗಾಡಿ ಹದಿಮೂರು ವರ್ಷದ ಗಾಡಿಯೇ ಎಂದರು. ನಾನು ದನಿ ಏರಿಸಿದಾಗ ಅವರು ತಣ್ಣಗೆ ಹೇಳಿದ್ದು ಇದು:

"ನೀನು ನೋಡಿ ತಗೊಂಡೀಯಪ್ಪ ಚಂದ್ರಣ್ಣ. ನಿನ್ನ ಹೆಣ್ತಿ ಮುಟ್ಟಿ ಮುಟ್ಟಿ ನೋಡ್ತಿದ್ಲು. ನೀನೇ ಅಲ್ವಾ, ಒಳಗೆ ಹೋಗು ಅಂದೋನು."

ಎದ್ದು ಬಂದೆ. ವಾಪಸು ಬರುವಾಗ ದಾರಿಯುದ್ದಕ್ಕೂ ಚೌಡಿಯ ಮೇಲೆ ರೇಗಿದೆ. ಅನುಮಾನ ಇದ್ದಮೇಲೆ ಗಟ್ಟಿಯಾಗಿ ಹೇಳಬೇಕಿತ್ತು, ಮನೆಗೆ ಬಂದಾದರೂ ಹೇಳಬೇಕಿತ್ತು ಎಂದೆ. ಅವಳು ಕಣ್ಣು ಮುಚ್ಚಿ ಮಲಗಿದ್ದಳು. ನಿದ್ದೆಯಲ್ಲ, ಉಸಿರು ನಿದ್ದೆಯದಲ್ಲ.

22 ಆಗಸ್ಟ್, ಶುಕ್ರವಾರ

ಚಳ್ಳಕೆರೆಯಲ್ಲಿ ಬಳ್ಳಾರಿ ರಸ್ತೆಯ ಕಡೆ ದಾದಾಪೀರನ ಟಿಂಕರಿಂಗ್ ಶಾಪು ಇದೆ. ಮಾಡಿದರೆ ಅವನೇ ಮಾಡಬೇಕು ಎಂದು ಮೂರು ಜನ ಹೇಳಿದರು. ನನ್ನ ವಯಸ್ಸಿನವನೇ, ಗಡ್ಡ ಅರ್ಧ ಬೆಳ್ಳಗಾಗಿದೆ. ಒಳಗಿನ ಬಟ್ಟೆ ಇಳಿಸಿ, ಟಾರ್ಚ್ ಹಾಕಿ, ಸಣ್ಣ ಸುತ್ತಿಗೆಯಲ್ಲಿ ನೆತ್ತಿಯನ್ನು ಟಕಟಕ ಬಡಿಯುತ್ತಾ ಹೋದ. ಎಲ್ಲಿ ಸದ್ದು ಮಂಕಾಯಿತೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಹಾಕಿದ. ಮುಗಿಯುವ ಹೊತ್ತಿಗೆ ಮುಂದಿನ ಅರ್ಧ ಪೂರ್ತಿ ಗೆರೆ.

ಮೂರು ದಾರಿ ಹೇಳಿದ. ಮತ್ತೆ ಪುಟ್ಟಿ ತುಂಬಿ ಬಣ್ಣ ಹೊಡೆಯುವುದು, ನಾಲ್ಕು ತಿಂಗಳು ನಿಲ್ಲುತ್ತದೆ. ತೂತಾದ ಕಡೆ ಕತ್ತರಿಸಿ ತಗಡು ಕೂರಿಸುವುದು, ಆದರೆ ತುಕ್ಕು ಅಂಚಿನ ಕಾಲುವೆಗೆ ಇಳಿದಿರುವುದರಿಂದ ಅದು ಪಕ್ಕಕ್ಕೆ ಹಬ್ಬುತ್ತದೆ. ಮೂರನೆಯದು, ಗುಜರಿಯಿಂದ ಇದೇ ಜಾತಿಯ ಕಾರಿನ ಟಾಪ್ ತಂದು, ಹಳೆಯದನ್ನು ಪೂರ್ತಿ ಬಿಚ್ಚಿ ಹೊಸದನ್ನು ಕೂರಿಸುವುದು. ತುಕ್ಕು ಬರೀ ಮೇಲ್ಮೈಯಲ್ಲಿದ್ದಿದ್ದರೆ ಉಪ್ಪುಕಾಗದದಲ್ಲಿ ತಿಕ್ಕಿ, ಪ್ರೈಮರ್ ಹೊಡೆದು ಮುಗಿಸುತ್ತಿದ್ದೆ, ಆ ಕಾಲ ದಾಟಿದೆ ಎಂದ.

ಇಂಥ ಕಳ್ಳ ಕೆಲಸ ಯಾವ ಸೂಳೆಮಗ ಮಾಡಿದ್ದೋ ಎಂದು ನಾನು ಬೈದೆ. ದಾದಾಪೀರ ಕೈ ಒರೆಸಿಕೊಂಡ.

"ಪುಟ್ಟಿ ಹಚ್ಚಿದ್ದು ನಾನೇ, ಚಂದ್ರಣ್ಣ. ಜೂನ್ ತಿಂಗ್ಳಲ್ಲಿ. ಯಜಮಾನ್ರಿಗೆ ಟಾಪ್ ಬದ್ಲಾಯ್ಸಿ ಅಂತ ಹೇಳ್ದೆ. ಮಾರೋ ಗಾಡಿಗೆ ಯಾಕಪ್ಪಾ ಅಂದ್ರು. ಹೇಳಿದ್ ಕೆಲ್ಸ ಮಾಡ್ದೆ."

ಗೊತ್ತೇ ಇರಲಿಲ್ಲ ಎಂದು ಕಾಫಿ ಕುಡಿಸುತ್ತಾ ಹೇಳಿದ್ದರು ಆ ಮನುಷ್ಯ. ದಾದಾಪೀರನ ಮೇಲೂ ಕೂಗಾಡಿದೆ. ಅವನೂ ಎದುರು ಮಾತಾಡಲಿಲ್ಲ, ಇವಳೂ ಆಡುವುದಿಲ್ಲ. ಎಲ್ಲರೂ ಸೇರಿ ನನ್ನೊಬ್ಬನನ್ನೇ ಕೂಗಾಡಲು ಬಿಟ್ಟಿದ್ದಾರೆ.

26 ಆಗಸ್ಟ್, ಮಂಗಳವಾರ

ಮೂರು ದಿನದಿಂದ ಮಳೆ. ಕಾರಿಗೆ ಟಾರ್ಪಾಲು ಹೊದಿಸಿ ಕಲ್ಲು ಹೇರಿದ್ದೇನೆ. ಒಳಗೆ ಒದ್ದೆ ಗೋಣಿಯ ವಾಸನೆ. ಥೆರಪಿಗೆ ಹೋಗಲಿಲ್ಲ.

29 ಆಗಸ್ಟ್, ಶುಕ್ರವಾರ

ಹೋಗಲಿಲ್ಲ.

1 ಸೆಪ್ಟೆಂಬರ್, ಸೋಮವಾರ

ವಾಣಿಶ್ರೀ ಮೇಡಂ ಫೋನ್ ಮಾಡಿದ್ದರು. ಎಡಗಾಲಿನ ಜೋಮು ಎಲ್ಲಿಯವರೆಗೆ ಬಂದಿದೆ ಎಂದು ಕೇಳಿದರು. ನಾನು ಚೌಡಿಯನ್ನು ಕೇಳಿ ಹೇಳಿದೆ, ಪಾದ ದಾಟಿ ಮೀನಖಂಡಕ್ಕೆ ಬಂದಿದೆ ಅಂತೆ. ಹೀಗೆ ನಡುವೆ ಬಿಟ್ಟರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ, ಪಾದ ಎತ್ತಲು ಆಗದಿದ್ದರೆ ಆಪರೇಷನ್ನೇ ದಾರಿ ಎಂದರು. ಮಗ್ಗದ ಕೂರುವ ಹಲಗೆ ಎತ್ತರಿಸಿ ಎಂದು ಜುಲೈಯಲ್ಲೇ ಹೇಳಿದ್ದೆನಲ್ಲ, ಮಾಡಿದಿರಾ ಎಂದೂ ಕೇಳಿದರು. ಈ ಕಾರಿನ ಗಲಾಟೆಯಲ್ಲಿ ಎಲ್ಲಿ ಮಾಡುವುದು.

ಚೌಡಿಗೆ ಜೋಮು ಏರಿರುವುದು ನನಗೆ ಗೊತ್ತಿರಲಿಲ್ಲ. ಮುಂದಿನ ಪುಟಗಳನ್ನು ತಿರುಗಿಸಿ ನೋಡಿದರೆ ಇಪ್ಪತ್ತೆರಡನೇ ತಾರೀಖಿನಿಂದ ಖಾಲಿ ಇವೆ. ಹಿಂದಿನಿಂದ ಇದು ಮಾತ್ರ ತುಂಬುತ್ತಾ ಬಂದಿದೆ.

5 ಸೆಪ್ಟೆಂಬರ್, ಶುಕ್ರವಾರ

ತೀರ್ಮಾನ ಮಾಡಿದೆ. ಪುಟ್ಟಿ ಹಚ್ಚಿಸಿ ಮಾರುವುದು, ಬಂದದ್ದರಲ್ಲಿ ಬೇರೆ ಗಾಡಿ ನೋಡುವುದು. ಚೀಟಿ ಎತ್ತಿದ ದುಡ್ಡೆಲ್ಲ ಇದರಲ್ಲೇ ಮುಳುಗಿದೆ, ಟಾಪ್ ಬದಲಾಯಿಸಲು ಇನ್ನಷ್ಟು ಸುರಿಯಲು ನಾನೇನು ಎಣ್ಣೆ ಮಿಲ್ಲಿನವನಲ್ಲ. ಶಾಪಿಗೆ ಹೋಗಿ ಹೇಳಿದಾಗ ದಾದಾಪೀರ ನನ್ನ ಮುಖ ನೋಡಿದ. "ಸೋಚ್ಕೆ ಹೇಳ್ತಿದೀಯಾ?" ಎಂದ. ಯೋಚನೆ ಮಾಡಿಯೇ ಹೇಳುತ್ತಿದ್ದೇನೆ ಎಂದೆ. ಮಂಗಳವಾರ ಕೊಡುತ್ತೇನೆ ಎಂದ.

10 ಸೆಪ್ಟೆಂಬರ್, ಬುಧವಾರ

ಕಾರು ಬಂತು. ನೆತ್ತಿ ಮತ್ತೆ ಮಿಂಚುತ್ತಿದೆ. ಫೋಟೋ ತೆಗೆದು ವಾಟ್ಸಾಪ್ ಗುಂಪುಗಳಿಗೆ ಹಾಕಿದೆ. ತುಕ್ಕು ಇಲ್ಲ ಎಂದು ನಾನೆಲ್ಲೂ ಬರೆದಿಲ್ಲ. ಕೇಳಿದರೆ ಹೇಳುತ್ತೇನೆ. ಕೇಳದೆ ಇದ್ದರೆ ಅದು ಅವರ ಪಾಡು. ಹಳೆಯ ಗಾಡಿ ಎಂದು ತಿಳಿದೇ ಬರುವವರಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತಾ ಕೂರಲು ಆಗುತ್ತದೆಯೇ?

14 ಸೆಪ್ಟೆಂಬರ್, ಭಾನುವಾರ

ಬರೆಯುವ ಮನಸ್ಸಿಲ್ಲ. ಬರೆಯದಿದ್ದರೆ ಎದೆಯ ಭಾರ ಇಳಿಯುವುದಿಲ್ಲ.

ಕೊಂಡ್ಲಹಳ್ಳಿಯಿಂದ ಬಂದಿದ್ದರು, ದೊಡ್ಡಪಾಲಯ್ಯ ಅಂತ, ಜೊತೆಗೆ ಅವರ ಹೆಂಡತಿ ಬೊಮ್ಮಕ್ಕ. ದೊಡ್ಡಪಾಲಯ್ಯನವರಿಗೆ ಒಂದು ಕಣ್ಣಿನ ಆಪರೇಷನ್ ಆಗಿದೆ, ಬೈಕಿನ ಗಾಳಿಗೆ ಹೋಗಬೇಡಿ ಎಂದಿದ್ದಾರಂತೆ ಡಾಕ್ಟರು. ಒಳ್ಳೆಯ ಜನ. ನಾನು ಇಂಜಿನ್ ಸ್ಟಾರ್ಟ್ ಮಾಡಿ ತೋರಿಸಿದೆ, ಎಸಿ ತೋರಿಸಿದೆ, ಟೈರು ತೋರಿಸಿದೆ. ದೊಡ್ಡಪಾಲಯ್ಯ ಎಲ್ಲದಕ್ಕೂ ತಲೆ ಆಡಿಸುತ್ತಿದ್ದರು. ನೆತ್ತಿಯ ಕಡೆ ನೋಡಲೇ ಇಲ್ಲ. ಅಡ್ವಾನ್ಸ್ ಎಂದು ಅಂಗಿಯ ಜೇಬಿಗೆ ಕೈ ಹಾಕಿದ್ದರು.

ಚೌಡಿ ಟೀ ತಂದಳು. ಬಗ್ಗಿ ತಟ್ಟೆ ಇಡಲಾಗದೆ ನಿಂತೇ ಕೊಟ್ಟಳು. ಯಾಕೆ ಮಾರುತ್ತೀರಿ ಎಂದು ಕೇಳಿದರೆ ದೊಡ್ಡ ಗಾಡಿ ತಗೊಳ್ತೀವಿ ಅನ್ನು ಎಂದು ಬೆಳಿಗ್ಗೆಯೇ ಅವಳಿಗೆ ಹೇಳಿಟ್ಟಿದ್ದೆ. ಬೊಮ್ಮಕ್ಕ ಅದನ್ನೇ ಕೇಳಿದರು.

"ಇಷ್ಟು ಚೆನ್ನಾಗೈತೆ, ಯಾಕೆ ಕೊಡ್ತೀರಕ್ಕಾ?"

ಚೌಡಿ ನನ್ನ ಕಡೆ ನೋಡಲಿಲ್ಲ. "ಮ್ಯಾಲೆ ತುಕ್ಕು ಹಿಡಿದೈತಮ್ಮ. ಬಣ್ಣದ ಅಡಿಗೆ ತಗಡಿಲ್ಲ. ಮಳೆ ಬಂದ್ರೆ ಸೋರ್ತೈತೆ. ಅದಕ್ಕೇ."

ದೊಡ್ಡಪಾಲಯ್ಯ ಜೇಬಿನಿಂದ ಕೈ ತೆಗೆದರು. ಬೈಯಲಿಲ್ಲ. ಕೈಯಲ್ಲಿದ್ದ ಟೀ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಬರ್ತೀವಿ ಎಂದು ಹೊರಟರು. ಬೈದಿದ್ದರೆ ಚೆನ್ನಾಗಿತ್ತು. ಬೊಮ್ಮಕ್ಕ ಬಾಗಿಲಲ್ಲಿ ನಿಂತು ಚೌಡಿಯ ಕೈ ಹಿಡಿದು ಏನೋ ಹೇಳಿ ಹೋದರು, ನಂಬರು ಕೂಡ ತೆಗೆದುಕೊಂಡರು.

ಅವರು ಹೋದ ಮೇಲೆ ನಾನು ಆಡಬಾರದ ಮಾತೆಲ್ಲ ಆಡಿದೆ. ಇಲ್ಲಿ ಬರೆಯುವುದಿಲ್ಲ. ಕೊನೆಗೆ, ಈ ಕಾರು ತಂದದ್ದೇ ನಿನ್ನ ಬೆನ್ನಿಗೆ, ಈಗ ನೀನೇ ಬಾಗಿಲು ಮುಚ್ಚಿದೆ ಎಂದೆ.

ಅವಳು ಗೋಡೆಗೆ ಒರಗಿ ನಿಂತಿದ್ದಳು. "ನನ್ನ ಬೆನ್ನಿಗೆ ತಂದಿದ್ರೆ ನನ್ನನ್ನ ಕೇಳಿ ತರ್ತಿದ್ರಿ" ಅಂದಳು. ಇಪ್ಪತ್ತು ವರ್ಷದಲ್ಲಿ ಅವಳು ನನಗೆ ಹೀಗೆ ಮಾತಾಡಿದ್ದು ನೆನಪಿಲ್ಲ.

16 ಸೆಪ್ಟೆಂಬರ್, ಮಂಗಳವಾರ

ಬೆಳಿಗ್ಗೆ ನಾನು ಮಗ್ಗದಲ್ಲಿದ್ದೆ. ಎರಡು ದಿನದಿಂದ ಮಾತಿಲ್ಲ. ಅವಳ ಮಗ್ಗದ ಸದ್ದು ಹೇಗೂ ತಿಂಗಳುಗಳಿಂದ ಇಲ್ಲ, ಅಡುಗೆಮನೆಯ ಸದ್ದೂ ಇಲ್ಲವಲ್ಲ ಎಂದು ಹತ್ತು ಗಂಟೆಗೆ ಎದ್ದು ನೋಡಿದರೆ ಮನೆಯಲ್ಲಿ ಯಾರೂ ಇಲ್ಲ. ಅನ್ನ ಮಾಡಿ ಮುಚ್ಚಿಟ್ಟಿದ್ದಳು. ಚಪ್ಪಲಿ ಇಲ್ಲ, ಆಸ್ಪತ್ರೆಯ ಫೈಲು ಇಲ್ಲ.

ವಾಣಿಶ್ರೀ ಮೇಡಮ್ಮಿಗೆ ಫೋನ್ ಮಾಡಿದೆ. "ಇಲ್ಲೇ ಇದ್ದಾರೆ, ಎಕ್ಸರ್‌ಸೈಜ್ ಮಾಡ್ತಿದ್ದಾರೆ. ಬಸ್ಸಲ್ಲಿ ನಿಂತ್ಕೊಂಡೇ ಬಂದ್ರಂತೆ. ಕೂತರೆ ನೋವು ಜಾಸ್ತಿ ಅಂತ ಪೂರ್ತಿ ನಿಂತೇ ಬಂದಿದ್ದಾರೆ. ನೀವು ಬರಲಿಲ್ಲವಾ?" ಎಂದರು.

ಕಾರು ಬಾಗಿಲಲ್ಲೇ ಇತ್ತು. ಬಿಸಿಲೂ ಇತ್ತು. ಅಷ್ಟು ದೂರ, ಕಂಬ ಹಿಡಿದುಕೊಂಡು ನಿಂತು. ನನ್ನನ್ನು ಕೇಳಬಹುದಿತ್ತು. ಕೇಳಲಿಲ್ಲ.

ಹೋಗಿ ಕರೆದುಕೊಂಡು ಬಂದೆ. ಸಂಜೆ ಬಿಸಿನೀರಿನ ಚೀಲ ಮಾಡಿಕೊಟ್ಟೆ. ತಗೊಂಡಳು.

17 ಸೆಪ್ಟೆಂಬರ್, ಬುಧವಾರ

ಅವಳ ಮಗ್ಗದ ಹಲಗೆ ನಾಲ್ಕು ಬೆರಳು ಎತ್ತರಿಸಿದೆ. ಅರ್ಧ ಗಂಟೆಯ ಕೆಲಸ. ಅರ್ಧ ಗಂಟೆಯ ಕೆಲಸಕ್ಕೆ ಜುಲೈಯಿಂದ ಸೆಪ್ಟೆಂಬರ್ ಆಯಿತು ಎಂದು ನನಗೇ ಕಿರಿಕಿರಿ.

ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಕಾರನ್ನು ಏನು ಮಾಡೋಣ ಎಂದು ಕೇಳಿದೆ. ಅವಳು ಬೆಂಡೆಕಾಯಿ ಹಾಕುತ್ತಾ, "ಟಾಪ್ ಬದ್ಲಾಯ್ಸನ. ಇಂಜಿನ್ ಒಳ್ಳೇದೈತೆ ಅಂತೀರಲ್ಲ" ಅಂದಳು. ದುಡ್ಡು ಎಂದೆ. ಪೆಟ್ಟಿಗೆಯಲ್ಲಿರುವ ತನ್ನ ಎರಡು ಸೀರೆ ಕೊಡೋಣ ಎಂದಳು. ಮಗಳ ಮದುವೆಗೆ ಎಂದು ಅವಳೇ ನೇಯ್ದಿಟ್ಟವು. ಶ್ರುತಿ ಇನ್ನೂ ಪಿಯುಸಿ ಹಾಸ್ಟೆಲಿನಲ್ಲಿದ್ದಾಳೆ. ಬೆನ್ನು ನೆಟ್ಟಗಾದರೆ ಮತ್ತೆ ನೇಯುತ್ತೇನೆ ಎಂದಳು.

19 ಸೆಪ್ಟೆಂಬರ್, ಶುಕ್ರವಾರ

ಥೆರಪಿ ಮುಗಿಸಿ ದಾದಾಪೀರನ ಜೊತೆ ಗುಜರಿಗೆ ಹೋದೆವು. ಮೂವರೂ. ದಾರಿಯಲ್ಲಿ ಕೊಂಡ್ಲಹಳ್ಳಿಯವರು ಬಂದು ಹೋದದ್ದನ್ನು ಅವನಿಗೆ ಹೇಳಿದೆ. ಬಿಸಿಲಲ್ಲಿ ಕಬ್ಬಿಣ ಕಾದು ಹತ್ತಿರ ಹೋಗಲಾಗದು. ನಮ್ಮ ಜಾತಿಯ ಕಾರುಗಳು ನಾಲ್ಕು ಇದ್ದವು. ಮೊದಲನೆಯದರ ನೆತ್ತಿ ನನಗೆ ಚೆನ್ನಾಗಿಯೇ ಕಂಡಿತು, ದಾದಾಪೀರನಿಗೂ. ಚೌಡಿ ಸೆರಗು ಸುತ್ತಿಕೊಂಡ ಕೈಯಲ್ಲಿ ಒಮ್ಮೆ, ಬರಿಗೈಯಲ್ಲಿ ಒಮ್ಮೆ ಸವರಿ, ಗಾಜಿನ ಅಂಚಿನಲ್ಲಿ ಬೆರಳು ಒತ್ತಿ, ಇದು ಬೇಡ ಎಂದಳು. ದಾದಾಪೀರ ಅಲ್ಲಿ ಪಟ್ಟಿ ಎತ್ತಿ ನೋಡಿದ, ಒಳಗೆ ಬಣ್ಣ ಗುಳ್ಳೆ ಎದ್ದಿತ್ತು. ಆಮೇಲೆ ಅವನು ತಾನು ನೋಡುವುದನ್ನೇ ಬಿಟ್ಟು ಅವಳ ಹಿಂದೆ ಹಿಂದೆ ಹೋದ. ಕೊನೆಯದು, ಹಿಂಭಾಗ ಜಜ್ಜಿಹೋದ ಕೆಂಪು ಕಾರು. ಅದನ್ನು ಆರಿಸಿದಳು.

"ಅಕ್ಕನ್ನ ನನ್ನ ಶಾಪಿಗೆ ಕಳ್ಸು ಚಂದ್ರಣ್ಣಾ" ಎಂದ ದಾದಾಪೀರ. ಚೌಡಿ ನಕ್ಕಳು. ಬಹಳ ದಿನದ ಮೇಲೆ.

ಹಲಗೆ ಸರಿಯಾಗಿದೆಯಂತೆ. ಇವತ್ತು ಬೆಳಿಗ್ಗೆ ಹದಿನೆಂಟು ನಿಮಿಷ ಕೂತು ನೇಯ್ದಳು. ಮುಂದಿನ ಪುಟದಲ್ಲಿ ಬರೆದಿದ್ದೇನೆ, ಇಲ್ಲೂ ಇರಲಿ.

24 ಸೆಪ್ಟೆಂಬರ್, ಬುಧವಾರ

ಒಂದೂ ಸರಿಯಾಗುತ್ತಿಲ್ಲ. ದಾದಾಪೀರ ಹಳೆಯ ಟಾಪನ್ನು ಬೆಸುಗೆ ಬೆಸುಗೆ ಬಿಡಿಸಿ ತೆಗೆದಿದ್ದಾನೆ. ಕಂಬಗಳನ್ನು ಕತ್ತರಿಸಿದರೆ ಸುಲಭ, ಆದರೆ ಗಾಡಿ ಮಗುಚಿದರೆ ಒಳಗಿದ್ದವರು ಉಳಿಯುವುದಿಲ್ಲ, ಅದಕ್ಕೇ ನಿಧಾನ ಎನ್ನುತ್ತಾನೆ. ಮುಂದಿನ ಗಾಜು ಬಿಚ್ಚುವಾಗ ಅಡ್ಡಕ್ಕೆ ಸೀಳಿತು. ಹೊಸ ಗಾಜು ದಾವಣಗೆರೆಯಿಂದ ಬರಬೇಕು. ನಿನ್ನೆ ಸಂಜೆ ನೆತ್ತಿಯಿಲ್ಲದ ಕಾರಿನ ಮೇಲೆ ಮಳೆ ಸುರಿದು, ಟಾರ್ಪಾಲು ಹಾರಿ, ಸೀಟೆಲ್ಲ ಕೆರೆ. ಫೋನಿನಲ್ಲಿ ಅವನು ಹೇಳುತ್ತಿದ್ದರೆ ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

26 ಸೆಪ್ಟೆಂಬರ್, ಶುಕ್ರವಾರ

ಕಾರಿಲ್ಲ, ಬಸ್ಸಿನಲ್ಲಿ ಹೋದೆವು. ಚೌಡಿ ನಿಂತಳು. ನಾನೂ ನಿಂತೆ. ಹಿಂದೆ ಸೀಟು ಖಾಲಿ ಇತ್ತು, ಕಂಡಕ್ಟರ್ ಎರಡು ಸಲ ಕೂತ್ಕೊಳ್ರಿ ಎಂದ. ಯಾಕೋ ಕೂರಲಿಲ್ಲ. ಹಂಪ್ ಬಂದ ಕಡೆಯೆಲ್ಲ ಮುಂಚೆಯೇ ಹೇಳುತ್ತಿದ್ದೆ, ಅವಳು ಕಂಬ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಟೆಂಪೋ ಓಡಿಸಿದ ದಾರಿ, ಎಲ್ಲೆಲ್ಲಿ ಹಂಪ್ ಇದೆ ಎಂದು ಗೊತ್ತು. ಈ ಸೀಮೆಯ ರಸ್ತೆ ಮಾಡಿದವರಿಗೆ ಬೆನ್ನು ಇರಲಿಲ್ಲವೋ ಏನೋ.

3 ಅಕ್ಟೋಬರ್, ಶುಕ್ರವಾರ

ಗಾಜು ಬಂತು, ತಪ್ಪು ಗಾಜು.

ಜೋಮು ಮೀನಖಂಡದಿಂದ ಇಳಿದು ಪಾದಕ್ಕೆ ಬಂದಿದೆ. ವಾಣಿಶ್ರೀ ಮೇಡಂ ಮುಂದಿನ ಪುಟಗಳನ್ನು ನೋಡಿ, ಈಗ ಚೆನ್ನಾಗಿ ಬರೆಯುತ್ತಿದ್ದೀರಿ ಎಂದರು.

ಬೊಮ್ಮಕ್ಕ ಆಗಾಗ ಚೌಡಿಗೆ ಫೋನ್ ಮಾಡುತ್ತಾರೆ. ಅರ್ಧ ಗಂಟೆ ಅಷ್ಟೊಂದು ಏನು ಮಾತೋ. ಒಮ್ಮೆ ಚೌಡಿ ಫೋನನ್ನು ನನ್ನ ಕೈಗೆ ಕೊಟ್ಟಳು, ಆ ಕಡೆ ದೊಡ್ಡಪಾಲಯ್ಯ. ಹೇಗಿದೀರಿ ಎಂದರು. ಚೆನ್ನಾಗಿದೀನಿ ಎಂದೆ. ಕಣ್ಣು ಹೇಗಿದೆ ಎಂದು ಕೇಳಿದೆ. ಅದಕ್ಕಿಂತ ಹೆಚ್ಚು ನನ್ನಿಂದ ಆಗಲಿಲ್ಲ.

10 ಅಕ್ಟೋಬರ್, ಶುಕ್ರವಾರ

ಇವತ್ತು ಕಾರು ಸಿಕ್ಕಿತು. ಯಾವ ಬಣ್ಣ ಎಂದು ದಾದಾಪೀರ ಕೇಳಿದ್ದ. ಚೌಡಿಯನ್ನು ಕೇಳಿ ಬಿಳಿಯೇ ಇರಲಿ ಎಂದಿದ್ದೆವು. ಅಂಚಿನ ಕಾಲುವೆಗೆ ಪ್ರೈಮರ್ ಎರಡು ಕೋಟು, ಮೇಲೆ ನೀರು ತಡೆಯುವ ಸೀಲೆಂಟು. ಪೈಪ್ ಹಿಡಿದು ಹತ್ತು ನಿಮಿಷ ನೀರು ಬಿಟ್ಟ. ಒಳಗೆ ಕೂತಿದ್ದ ಚೌಡಿ ಮೂಲೆ ಮೂಲೆ ಮುಟ್ಟಿ ನೋಡಿ, ಒಣಗಿಯೇ ಇದೆ ಎಂದಳು.

ಹಳೆಯ ಟಾಪು ಗೋಡೆಗೆ ಒರಗಿತ್ತು. ಅದನ್ನು ಒಯ್ದು ಜಂಬುಲಿಂಗಪ್ಪನವರ ಗೇಟಿನ ಮುಂದೆ ಎಸೆಯಬೇಕೆಂದು ಎರಡು ತಿಂಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಹಗ್ಗವನ್ನೂ ತಂದಿದ್ದೆ. ಹೊಸ ಬಣ್ಣದ ಮೇಲೆ ಹಳೇ ತಗಡು ಕಟ್ಟುತ್ತೀರಾ ಎಂದಳು ಚೌಡಿ. ಅದೂ ನಿಜವೇ. ಅಂಗೈಯಗಲದ ಒಂದು ತುಂಡು ಮುರಿದು ಕರ್ಚೀಫಿನಲ್ಲಿ ಕಟ್ಟಿಕೊಂಡೆ. ಬಾ ಎಂದೆ. ಈ ಸಲ ಅವಳೂ ಇಳಿದು ಒಳಗೆ ಬಂದಳು.

ಜಂಬುಲಿಂಗಪ್ಪ ಪಡಸಾಲೆಯ ಮಂಚದಲ್ಲಿ ಕೂತಿದ್ದರು. ಅವರ ಹೆಂಡತಿ ತಿಪ್ಪೇರುದ್ರಮ್ಮ ಬನ್ರಿ ಎಂದು ಒಳಗೆ ಕರೆದರು. ನಾನು ಕರ್ಚೀಫು ಬಿಚ್ಚಿ ಆ ತುಂಡನ್ನು ಅವರ ಮುಂದೆ ಮಂಚದ ಮೇಲೆ ಇಟ್ಟೆ. ಪುಟ್ಟಿ ಹಚ್ಚಿಸಿದ್ದು ನಿಮಗೆ ಗೊತ್ತಿತ್ತು, ದಾದಾಪೀರ ಎಲ್ಲ ಹೇಳಿದ್ದಾನೆ ಎಂದೆ. ಹೇಳಬೇಕೆಂದುಕೊಂಡಿದ್ದ ಇನ್ನೂ ಹತ್ತು ಮಾತು ನಾಲಗೆಯ ತುದಿಯಲ್ಲಿ ಇದ್ದವು.

ಅವರು ತುಂಡನ್ನು ಮುಟ್ಟಲಿಲ್ಲ. "ದಾದಾಪೀರ ನನಗೂ ಹೇಳ್ದ. ನೀನೂ ಪುಟ್ಟಿ ಹಚ್ಚಿಸಿ ಕೊಂಡ್ಲಹಳ್ಳಿಯೋರಿಗೆ ತೋರ್ಸಿದ್ಯಂತೆ. ಹೌದೋ ಅಲ್ವೋ?"

ನೆಲ ನೋಡಿದೆ. ಚೌಡಿ ಕಂಬಕ್ಕೆ ಒರಗಿ ನಿಂತಿದ್ದಳು, ಅವಳ ಮುಖ ನೋಡುವ ಧೈರ್ಯ ಆಗಲಿಲ್ಲ.

"ತೋರ್ಸಿದ್ವಿ ಅಪ್ಪಾರೆ," ಅಂದಳು. "ಹೇಳಿ ತೋರ್ಸಿದ್ವಿ."

ಜಂಬುಲಿಂಗಪ್ಪ ಎದ್ದು ಒಳಗೆ ಹೋದರು. ಏನಾದರೂ ತರಲು ಹೋದರೇನೋ ಎಂದು ಕಾದೆವು. ಬರಲಿಲ್ಲ. ತಿಪ್ಪೇರುದ್ರಮ್ಮ ಬಂದು, ಅವರು ಪೂಜೆಗೆ ಕೂತಿದ್ದಾರೆ ಎಂದರು. ಮಧ್ಯಾಹ್ನ ಮೂರು ಗಂಟೆಗೆ ಯಾವ ಪೂಜೆಯೋ. ಆಯಮ್ಮ ಚೌಡಿಯ ಹಣೆಗೆ ಕುಂಕುಮ ಹಚ್ಚಿ, ಬೆನ್ನು ಜೋಪಾನ ಎಂದು ಬಾಗಿಲವರೆಗೆ ಬಂದರು. ತುಕ್ಕಿನ ತುಂಡು ಮಂಚದ ಮೇಲೇ ಉಳಿಯಿತು. ಒಂದು ಕ್ಷಮೆಯ ಮಾತಿಲ್ಲ, ಏನೂ ಇಲ್ಲ. ಎರಡು ತಿಂಗಳು ಕಾದದ್ದು ಇಷ್ಟಕ್ಕೆ.

ಊರು ದಾಟಿದ ಮೇಲೆ ಮಳೆ ಶುರುವಾಯಿತು. ವೈಪರ್ ಹಾಕಿದರೆ ಓಡುತ್ತಿಲ್ಲ. ಗಾಜು ಕೂರಿಸುವಾಗ ದಾದಾಪೀರ ಯಾವ ವೈರು ಕಿತ್ತನೋ. ಕೈ ಹೊರಗೆ ಹಾಕಿ ಗಾಜು ಒರೆಸಿಕೊಂಡು ಬಂದೆ. ಚೌಡಿ ಇವತ್ತು ಮುಂದೆ ಕೂತಿದ್ದಳು, ಸೀಟನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿಕೊಂಡು. ಒಳಗೆ ಒಂದು ಹನಿ ಬೀಳಲಿಲ್ಲ.

ಬಹಳ ದೂರ ಬಂದ ಮೇಲೆ ನಾನು ಹೇಳಿದೆ. "ಅವತ್ತು ನೀನು ಹೇಳ್ದೆ ಇದ್ದಿದ್ರೆ ನಾನು ಮಾರಿಬಿಡ್ತಿದ್ದೆ, ಚೌಡಿ."

"ಗೊತ್ತು" ಅಂದಳು. ಆಮೇಲೆ ರಸ್ತೆ ನೋಡುತ್ತಾ, "ನಿಧಾನಕ್ಕೆ ಹೋಗ್ರಿ. ಮುಂದೆ ಲಾರಿ ಐತೆ" ಅಂದಳು.

ನನಗೆ ಕಂಡಿರಲಿಲ್ಲ. ಬ್ರೇಕ್ ಹಾಕಿದೆ.